ನಾನೂರ ನಲವತ್ತು ಗಜ, ಮೇಲೊಂದು ಕೊಸರು

ಹಲ್ಡಾ ಟ್ರಾಸ್ಕ್‌ಳ ಗಜಕೋಲಿನ ಮೇಲೆ ಇಪ್ಪತ್ತಾರು ಮುದ್ರೆಗಳಿದ್ದವು. ಪ್ರತಿ ವರ್ಷ ಏಪ್ರಿಲ್ ತಿಂಗಳ ಮೊದಲ ಸೋಮವಾರ ಥೆಲ್‌ಬರಿ ಊರಿನ ಅಳತೆ-ತೂಕದ ಅಧಿಕಾರಿ ಡೀಕನ್ ಫ್ರೈ ಹಿತ್ತಾಳೆಯ ಮಾದರಿ ಗಜವನ್ನು ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಕೊಂಡು ಬೀದಿಯ ಅಂಗಡಿಗಳನ್ನೆಲ್ಲ ಹತ್ತಿಳಿಯುತ್ತಿದ್ದ. ಹಲ್ಡಾಳ ಗಜಕೋಲನ್ನು ಅದರ ಪಕ್ಕದಲ್ಲಿಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ಬೆನ್ನಿಗೆ ಒಂದು ಮುದ್ರೆ ಒತ್ತಿ ಹೋಗುತ್ತಿದ್ದ. ಅಳತೆ ತಪ್ಪಿದ ಕೋಲನ್ನು ಪುರಭವನದ ಮೆಟ್ಟಿಲ ಮೇಲೆ ಎಲ್ಲರೆದುರು ಮುರಿದು ಹಾಕಬೇಕೆಂಬುದು ಊರಿನ ಕಾನೂನು. ಹಾಗೆ ಕೋಲು ಮುರಿಸಿಕೊಂಡ ಅಂಗಡಿಯವರು ಆ ಊರಿನಲ್ಲಿ ಮತ್ತೆ ವ್ಯಾಪಾರ ಮಾಡಿದ್ದಿಲ್ಲ.

ಕೋಲನ್ನು ಮಾಡಿಕೊಟ್ಟವನು ಬಡಗಿಯಾಗಿದ್ದ ಅವಳ ಅಪ್ಪ. ಮೇಪಲ್ ಮರದ್ದು. ಅಂಗಡಿ ತೆರೆದಾಗ ಹಲ್ಡಾಳಿಗೆ ಇಪ್ಪತ್ತಾರು ವರ್ಷ. ಈಗ, ೧೮೭೯ರಲ್ಲಿ, ಐವತ್ತೆರಡು. ಮೊದಮೊದಲು ಕಾಲೇಜಿನ ಹುಡುಗರು ಅವಳಲ್ಲಿ ಕೊಳ್ಳುತ್ತಿದ್ದದ್ದು ಕಪ್ಪು ದಾರ, ಅಂಗಿಯ ಗುಂಡಿ, ಅಷ್ಟೇ. ಅವರು ಗ್ರೀಕ್ ಓದುತ್ತಿದ್ದರು, ಪ್ರಾರ್ಥನೆಗೆ ಹೋಗುತ್ತಿದ್ದರು, ನೆಗಡಿ ಬಂದರೆ ಊರಿಗೆ ಹೋಗುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ಕಾಲೇಜಿಗೆ ಕ್ಲಬ್ಬಿನ ಹುಚ್ಚು ಹಿಡಿಯಿತು. ದೋಣಿಯವರದೊಂದು, ಚೆಂಡಾಟದವರದೊಂದು, ಹಾಡುವವರದೊಂದು, ವಾದಿಸುವವರದು ಎರಡು, ಏಕೆಂದರೆ ಮೊದಲನೆಯದರಲ್ಲಿ ವಾದವಾಗಿ ಒಡೆದಿತ್ತು. ಒಟ್ಟಿಗೆ ಊಟ ಮಾಡುವುದಕ್ಕೂ ಏಳು ಕ್ಲಬ್ಬುಗಳು. ಎದೆಯೆತ್ತರದ ಚಕ್ರದ ಸೈಕಲ್ಲಿನವರದು ಹೊಸದು. ಅವರು ವಾರಕ್ಕೆರಡು ಬಾರಿ ಬಿದ್ದು, ವಾರಕ್ಕೆರಡು ಬಾರಿ ಹೊಸ ಟೋಪಿ ಹೊಲಿಸಿಕೊಳ್ಳುತ್ತಿದ್ದರು. ಪ್ರತಿಯೊಂದಕ್ಕೂ ಬಣ್ಣ ಬೇಕು, ಬಣ್ಣಕ್ಕೆ ರಿಬ್ಬನ್ ಬೇಕು, ರಿಬ್ಬನ್ನಿಗೆ ಹಲ್ಡಾ ಅತ್ತೆ ಬೇಕು. ಊರಿನ ಹುಡುಗರೆಲ್ಲ ಅವಳನ್ನು ಅತ್ತೆ ಎಂದೇ ಕರೆಯುತ್ತಿದ್ದರು.

ಎರಡು ಗುಪ್ತ ಸಂಘಗಳೂ ಇದ್ದವು. ಅವುಗಳ ಬಣ್ಣ ಸತ್ತರೂ ಹೊರಗೆ ಹೇಳಬಾರದೆಂದು ಸದಸ್ಯರು ತಲೆಬುರುಡೆ ಮುಟ್ಟಿ ಆಣೆ ಮಾಡುತ್ತಿದ್ದರಂತೆ. ಒಂದು ಸಂಘದವನು ಮಂಗಳವಾರ ಹಿತ್ತಿಲ ಬಾಗಿಲಿಂದ ಬಂದು ನೇರಳೆ ರಿಬ್ಬನ್ ಒಯ್ಯುತ್ತಿದ್ದ. ಇನ್ನೊಂದು ಸಂಘದವನು ಗುರುವಾರ ಅದೇ ಬಾಗಿಲಿಂದ ಬಂದು ಅದೇ ಸುರುಳಿಯಿಂದ ಅದೇ ನೇರಳೆ ಒಯ್ಯುತ್ತಿದ್ದ. ಹನ್ನೊಂದು ವರ್ಷದಿಂದ ಹಲ್ಡಾ ತುಟಿ ಬಿಚ್ಚಿರಲಿಲ್ಲ. ನಾಲ್ಕು ಅಂಗಡಿ ಆಚೆಯ ಕ್ಷೌರಿಕ ಜೀನಸ್ ಲೂಮಿಸ್ ಎಷ್ಟೋ ಸಲ ಕೆದಕಿ ನೋಡಿ ಸೋತಿದ್ದ.

ಆ ವರ್ಷ ಮೇ ತಿಂಗಳಲ್ಲಿ ನಡೆಯುವ ಓಟದ ಸ್ಪರ್ಧೆಗೆ ನದಿಯಾಚೆಯ ಕಾಲೇಜಿನವರು ಬರುವುದೆಂದು ನಿಶ್ಚಯವಾಯಿತು. ಕ್ರೀಡಾ ಸಂಘದ ಕ್ಯಾಪ್ಟನ್ ರ್‍ಯಾನ್ಸಮ್ ವಾಡ್ಲಿ, ಅಗಲ ಎದೆಯ, ಅದಕ್ಕಿಂತ ಅಗಲ ದನಿಯ ಹುಡುಗ, ಹೊಸ ಓಟದ ಹಾದಿ ಹಾಕಿಸಿದ. ಎಂಜಿನಿಯರಿಂಗ್ ತರಗತಿಯವರು ತಮ್ಮ ಅಳತೆ ಸರಪಳಿಯನ್ನು ಎಳೆದೆಳೆದು ಇಪ್ಪತ್ತು ಗೂಟ ನೆಟ್ಟರು. ಒಂದು ಸರಪಳಿ ಎಂದರೆ ಇಪ್ಪತ್ತೆರಡು ಗಜ. ಇಪ್ಪತ್ತು ಸರಪಳಿಗೆ ನಾನೂರ ನಲವತ್ತು ಗಜ, ಅಂದರೆ ಕಾಲು ಮೈಲಿ. ಗೂಟದಿಂದ ಗೂಟಕ್ಕೆ ಸುತ್ತಲೂ ಕಾಲೇಜಿನ ದಾಳಿಂಬೆ ಬಣ್ಣದ ರಿಬ್ಬನ್ ಬಿಗಿಯಬೇಕೆಂದು ವಾಡ್ಲಿಯ ಆಸೆ.

ಹಲ್ಡಾ ಎರಡು ದಿನ ಅಳೆದಳು. ಒಂದೊಂದು ಗಜಕ್ಕೂ ಒಂದು ಬಟ್ಟಲಿನಿಂದ ಇನ್ನೊಂದು ಬಟ್ಟಲಿಗೆ ಒಂದು ಗುಂಡಿ ಹಾಕುವುದು ಅವಳ ಕ್ರಮ. ನಾನೂರ ನಲವತ್ತು ಗುಂಡಿ ಮುಗಿದ ಮೇಲೆ, ಯಾರಿಗೆ ಅಳೆದರೂ ಬಿಡುವಂತೆ, ಒಂದು ಗಜ ಕೊಸರು. ಸೇರುವೆಗಳನ್ನೆಲ್ಲ ಹೊಲಿದು ಮುಗಿಸಿ, ಹೊಲಿಗೆಯಲ್ಲಿ ತಿಂದ ಉದ್ದವನ್ನೂ ಲೆಕ್ಕ ಹಿಡಿದು ಕೊಟ್ಟಳು.

ಸ್ಪರ್ಧೆ ಶನಿವಾರ. ಶುಕ್ರವಾರ ಬೆಳಿಗ್ಗೆ ರಿಬ್ಬನ್ ಕಟ್ಟಿದರು. ಇಪ್ಪತ್ತೂ ಗೂಟ ಸುತ್ತಿ ಮತ್ತೆ ಮೊದಲ ಗೂಟದ ಹತ್ತಿರ ಬಂದಾಗ ರಿಬ್ಬನ್ ಮುಗಿದು ಹೋಯಿತು. ಇನ್ನೂ ಏಳು ಅಡಿ ಬೇಕಿತ್ತು. ಕೊಸರಿನ ಮೂರು ಅಡಿ ಸೇರಿಸಿದರೆ ಹತ್ತು ಅಡಿ ಕೊರತೆ.

ಸುದ್ದಿ ಬೀದಿಗೆ ಇಳಿಯಲು ಕಾಲು ಗಂಟೆ ಸಾಕಾಯಿತು. ಬೆಳಗಿನ ತಿಂಡಿಯ ಹೊತ್ತಿಗೇ ಏಳು ಊಟದ ಕ್ಲಬ್ಬುಗಳಲ್ಲಿ ಹಾಡು ಹುಟ್ಟಿತು. ಹಲ್ಡಾ ಅತ್ತೆಯ ಗಜದಲ್ಲಿ ಅಳೆದರೆ ಕಾಲೇಜಿನ ಅಧ್ಯಕ್ಷರೂ ಕುಳ್ಳರು, ಚರ್ಚಿನ ಗೋಪುರವೂ ಕುಳ್ಳು ಎಂದು. ಯಾರೂ ಕೆಟ್ಟ ಮನಸ್ಸಿನಿಂದ ಹಾಡಲಿಲ್ಲ, ಖುಷಿಗೆ ಹಾಡಿದರು. ಆದರೆ ಕೇಳಿಸಿಕೊಂಡ ಗೃಹಿಣಿಯರು ಮನೆಯಲ್ಲಿದ್ದ ಹಳೆಯ ಲೇಸುಗಳನ್ನು ತೆಗೆದು ಬೆರಳಲ್ಲಿ ಅಳೆಯತೊಡಗಿದರು.

ಹತ್ತು ಗಂಟೆಗೆ ವಾಡ್ಲಿ ಅಂಗಡಿಗೆ ಬಂದ. ಟೋಪಿ ತೆಗೆದ. ದನಿ ಮಾತ್ರ ತಗ್ಗಲಿಲ್ಲ.

"ಅತ್ತೆ, ಹತ್ತು ಅಡಿ ಎಲ್ಲೋಯ್ತು? ನಿಮ್ ಬೆಕ್ಕೇನಾದ್ರೂ ತಿಂತಾ?"

"ನನ್ ಬೆಕ್ಕು ಮೀನು ತಿನ್ನುತ್ತೆ ಕಣೋ. ನೀವು ಸರಿಯಾಗಿ ಎಳೆದು ಕಟ್ಟಿದ್ರಾ?"

"ಪಿಟೀಲು ತಂತಿ ಥರ ಬಿಗಿದಿದ್ದೀವಿ. ನೋಡಿ, ನನಗೇನೂ ಬೇಜಾರಿಲ್ಲ. ಆದ್ರೆ ಸಂಘದವರು ಡೀಕನ್ ಫ್ರೈಗೆ ಚೀಟಿ ಬರೀಬೇಕು ಅಂತಿದ್ದಾರೆ."

ಹಲ್ಡಾಳ ಕೈ ತಾನಾಗಿ ಗಜಕೋಲಿನ ಮೇಲೆ ಹೋಯಿತು. ಇಪ್ಪತ್ತಾರು ಮುದ್ರೆಗಳು ಬೆರಳಿಗೆ ಸಿಕ್ಕವು. ಪುರಭವನದ ಮೆಟ್ಟಿಲು ಕಣ್ಣ ಮುಂದೆ ಬಂತು. ಅವಳು ಎರಡೂ ಬಟ್ಟಲುಗಳನ್ನು ನೋಡಿದಳು. ಗುಂಡಿ ಇನ್ನೂ ಹಾಗೇ ಇದ್ದವು. ಅವನನ್ನು ನಿಲ್ಲಿಸಿಕೊಂಡೇ ಮತ್ತೊಮ್ಮೆ ಎಣಿಸಿದಳು. ಕೊಸರಿನದೂ ಸೇರಿ ನಾನೂರ ನಲವತ್ತೊಂದು. ಹಾಗಾದರೆ ಎಣಿಕೆ ತಪ್ಪಿಲ್ಲ. ಕೋಲು ತಪ್ಪಿದ್ದರೆ ಏಪ್ರಿಲ್‌ನಲ್ಲೇ ಗೊತ್ತಾಗುತ್ತಿತ್ತು. ಎರಡನ್ನೂ ಬದಿಗಿಟ್ಟ ಮೇಲೆ ಉಳಿದದ್ದು ಒಂದೇ.

"ನನ್ ಕೋಲಿಗೆ ವರ್ಷಾ ವರ್ಷಾ ಮುದ್ರೆ ಬೀಳುತ್ತೆ. ನಿಮ್ ಸರಪಳಿಗೆ ಯಾರು ಮುದ್ರೆ ಒತ್ತುತ್ತಾರೆ?"

ವಾಡ್ಲಿ ನಿಜವಾಗಿಯೂ ಬೆರಗಾದ. "ಸರಪಳಿಗಾ? ಅದು ಕಾಲೇಜಿಂದು ಅತ್ತೆ. ಕಾಲೇಜನ್ನ ಯಾರು ಅಳೀತಾರೆ?"

"ತಗೊಂಡ್ ಬಾ ಅದನ್ನ. ನಿಮ್ ಗಣಿತದ ಮೇಷ್ಟ್ರನ್ನೂ ಕರ್ಕೊಂಡ್ ಬಾ. ಆಮೇಲೆ ಚೀಟಿ ಬರಿ."

ಹಲ್ಡಾಳ ಅಂಗಡಿಯಿಂದ ಹಿಡಿದು ಕುದುರೆ ಲಾಯದವರೆಗೆ ಬೀದಿಗೆ ಮರದ ಹಲಗೆಯ ಕಾಲುದಾರಿ ಇತ್ತು, ಸಮವಾಗಿ, ನೇರವಾಗಿ. ಅವಳು ಹೊಸಿಲಿನೆದುರು ಒಂದು ಹಿತ್ತಾಳೆ ಮೊಳೆ ಹೊಡೆದು, ಲಂಗದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ ಅಳೆಯಲು ಶುರು ಮಾಡಿದಳು. ಐದನೆಯ ಗಜದ ಹೊತ್ತಿಗೆ ಜೀನಸ್ ಅರ್ಧ ಕ್ಷೌರವಾದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದ. ಹತ್ತನೆಯ ಗಜದ ಹೊತ್ತಿಗೆ ಗಿರಾಕಿಯೂ ನೊರೆಯ ಸಮೇತ ಬಂದ. ಬೇಕರಿಯವನು, ಚಪ್ಪಲಿಯವನು, ಚಿಪ್ಪುಮೀನಿನ ಸೂಪಿನ ಅಂಗಡಿಯವನು ಸಾಲಾಗಿ ನಿಂತರು. ಚೆಂಡಾಟದ ಒಂಬತ್ತು ಜನ ಬಂದರು, ಎರಡೂ ವಾದದ ಕ್ಲಬ್ಬಿನವರು ಬಂದು ಎರಡು ಪಕ್ಷ ಹಿಡಿದರು. ಸೈಕಲ್ಲಿನವನೊಬ್ಬ ಇಣುಕಿ ನೋಡಲು ಹೋಗಿ ಕುದುರೆ ಕುಡಿಯುವ ನೀರಿನ ತೊಟ್ಟಿಗೆ ಬಿದ್ದ. ಇಪ್ಪತ್ತೆರಡನೆಯ ಗಜಕ್ಕೆ ಹಲ್ಡಾ ಎರಡನೆಯ ಮೊಳೆ ಹೊಡೆದು ಎದ್ದು ನಿಂತಳು. ಮೊಳೆ ಬಿದ್ದದ್ದು ಜೀನಸನ ಅಂಗಡಿಯ ಗುರುತಾದ ಕೆಂಪು-ಬಿಳಿ ಪಟ್ಟೆಯ ಕಂಬಕ್ಕಿಂತ ಗೇಣಿಗೂ ತುಸು ಕಡಿಮೆ ಈಚೆಗೆ.

ಗಣಿತದ ಪ್ರೊಫೆಸರ್ ಥೆರಾನ್ ಗೇಲ್ ಬಂದರು, ಹಿಂದೆ ಸರಪಳಿ ಹೊತ್ತ ವಾಡ್ಲಿ. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಮೊದಲು ಪ್ರಯೋಗಶಾಲೆಯ ಉಕ್ಕಿನ ಅಳತೆಪಟ್ಟಿಯನ್ನು ಗಜಕೋಲಿನ ಪಕ್ಕಕ್ಕಿಟ್ಟು ನೋಡಿದರು. ಎರಡಕ್ಕೂ ಕೂದಲೆಳೆಯ ವ್ಯತ್ಯಾಸವೂ ಇರಲಿಲ್ಲ. ಆಮೇಲೆ ಸರಪಳಿಯನ್ನು ಹಲಗೆಯ ಮೇಲೆ ಹಾಸಿಸಿದರು. ಒಂದು ತುದಿ ಹೊಸಿಲ ಮೊಳೆಗೆ. ಇನ್ನೊಂದು ತುದಿಯನ್ನು ವಾಡ್ಲಿ ಹಿಡಿದು ಬಿಗಿಯಾಗಿ ಎಳೆದ. ಅವನ ಕೈ ಎರಡನೆಯ ಮೊಳೆಯನ್ನು ದಾಟಿತು. ಮುಂದೆ ಹೋಗಿ ಕಂಬಕ್ಕೆ ತಗುಲಿತು.

ಪ್ರೊಫೆಸರ್ ಅಳೆದರು. ಆರು ಇಂಚು.

"ಆರು ಇಂಚು ಇಪ್ಪತ್ತು ಸಲ," ಎಂದಳು ಹಲ್ಡಾ. "ಹತ್ತು ಅಡಿ ಮೇಷ್ಟ್ರೇ."

ಪ್ರೊಫೆಸರ್ ಸರಪಳಿಯ ಕೊಂಡಿ-ಕೊಂಡಿಯನ್ನೂ ಕಣ್ಣ ಹತ್ತಿರ ಹಿಡಿದು ನೋಡಿದರು. ನೂರು ಕೊಂಡಿ, ಕೊಂಡಿಗೆ ಕೊಂಡಿ ಸೇರುವಲ್ಲಿ ಪುಟ್ಟ ಬಳೆಗಳು. ಹದಿನೇಳು ವರ್ಷ ಹುಡುಗರು ಎಳೆದೂ ಎಳೆದೂ ಒಂದೊಂದು ಬಳೆಯೂ ಉಜ್ಜಿ ಸವೆದಿತ್ತು, ಒಂದೊಂದರಲ್ಲೂ ಕೂದಲಿನಷ್ಟು. ಸವೆದಷ್ಟೂ ಸರಪಳಿ ಬೆಳೆದಿತ್ತು.

ಇಡೀ ಊರಿನಲ್ಲಿ ಪ್ರೊಫೆಸರ್ ಗೇಲ್ ನಕ್ಕದ್ದನ್ನು ಕಂಡವರಿರಲಿಲ್ಲ. ಆ ದಿನ ಅವರು ಹಲಗೆಯ ಮೇಲೆ ಕುಳಿತು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು ನಕ್ಕರು. "ಮಿಸ್ ಟ್ರಾಸ್ಕ್, ನಾನು ಹದಿನೇಳು ವರ್ಷದಿಂದ ಇದರಲ್ಲೇ ನಿಖರತೆ ಪಾಠ ಮಾಡ್ತಿದ್ದೀನಿ," ಎಂದರು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋಕೆ ಹೊರಟಿದ್ರಲ್ಲಪ್ಪ," ಎಂದ ಜೀನಸ್. ಮರುಕ್ಷಣವೇ ಅವನ ಮುಖ ಬದಲಾಯಿತು. ಅವನ ಹಿತ್ತಿಲನ್ನು ಅಳೆದದ್ದೂ ಇದೇ ಸರಪಳಿ. ಹಾಗಾದರೆ ಕಾಗದದಲ್ಲಿ ಇದ್ದದ್ದಕ್ಕಿಂತ ಅವನಿಗೆ ಒಂದಡಿ ನೆಲ ಹೆಚ್ಚು. ಬೇಕರಿಯವನಿಗೂ ಹೊಳೆಯಿತು, ಚಪ್ಪಲಿಯವನಿಗೂ ಹೊಳೆಯಿತು. ಬೀದಿಯ ಅಂಗಡಿಯವರೆಲ್ಲ ತಮ್ಮ ತಮ್ಮ ಬೇಲಿ ನೋಡಲು ಓಡಿದರು. ನೊರೆಯ ಗಿರಾಕಿ ಒಂದೇ ಕೆನ್ನೆಯ ಗಡ್ಡದೊಂದಿಗೆ ಅಲ್ಲೇ ಉಳಿದ. ಹಿತ್ತಿಲುಗಳ ಅಂಚಿಗಿದ್ದದ್ದು ಕಾಲೇಜಿನ ನೆಲವೇ ಆದ್ದರಿಂದ, ಎಲ್ಲರ ಹೆಚ್ಚಿನ ಅಡಿಗಳೂ ಕಾಲೇಜಿನ ಹುಲ್ಲುಗಾವಲಿನಿಂದಲೇ ಬಂದಿದ್ದವೆಂದು ಮಧ್ಯಾಹ್ನದೊಳಗೆ ಲೆಕ್ಕವಾಯಿತು.

ಗುಂಪಿನ ಹಿಂದೆ ಒಬ್ಬ ಮಾತ್ರ ಸುಮ್ಮನೆ ನಿಂತಿದ್ದ. ಓಟಿಸ್ ಪೆನ್‌ಹ್ಯಾಲೋ, ಮೇನ್ ಸೀಮೆಯ ಬೆಟ್ಟದ ಹುಡುಗ, ಕೊಕ್ಕರೆಯ ಕಾಲಿನವನು. ಮೈಲಿ ಓಟಗಾರ. ಏಪ್ರಿಲ್‌ನಿಂದ ಹೊಸ ಹಾದಿಯಲ್ಲಿ ಎಷ್ಟು ಓಡಿದರೂ ನಾಲ್ಕು ನಿಮಿಷ ನಲವತ್ನಾಲ್ಕು ಸೆಕೆಂಡಿಗಿಂತ ಕೆಳಗೆ ಇಳಿಯಲಾರದೆ, ನಲವತ್ನಾಲ್ಕು ಎಂಬ ಅಡ್ಡಹೆಸರು ಹೊತ್ತವನು. ನದಿಯಾಚೆಯವರ ಓಟಗಾರ ತನ್ನೂರಲ್ಲಿ ನಲವತ್ಮೂರು ಓಡಿದ್ದ.

"ಹಂಗಾದ್ರೆ ನಾಲ್ಕು ಸುತ್ತಿಗೆ..." ಎಂದ ಅವನು ಮೆಲ್ಲಗೆ.

"ನಲವತ್ತು ಅಡಿ ಬಿಟ್ಟಿ ಓಡಿದ್ದೀಯ ಮಗ, ದಿನಾ," ಎಂದಳು ಹಲ್ಡಾ.

ಪ್ರೊಫೆಸರ್ ಅಂಗಿಯ ತೋಳಿನ ಕಫ್ ಮೇಲೆ ಪೆನ್ಸಿಲ್ಲಿನಲ್ಲಿ ಭಾಗಿಸಿ, ಅದು ಎರಡು ಸೆಕೆಂಡಿಗಿಂತ ತುಸು ಹೆಚ್ಚು ಎಂದರು. ಓಟಿಸ್ ಅದನ್ನು ಕೇಳಿ, ಟೋಪಿಯನ್ನು ಹಲ್ಡಾಳ ಕೈಗೆ ಕೊಟ್ಟು, ಬೀದಿಯ ತುದಿಯವರೆಗೆ ಓಡಿ ಹೋಗಿ ವಾಪಸ್ ಓಡಿ ಬಂದ.

ಕಮ್ಮಾರನು ಕೆಲವು ಬಳೆಗಳನ್ನು ಕಳಚಿ ಸರಪಳಿಯನ್ನು ಎರಡು ಮೊಳೆಗಳ ನಡುವೆ ಸರಿಯಾಗಿ ಕೂರಿಸಿದ. ವಾಡ್ಲಿ ತಾನೇ ಸುತ್ತಿಗೆ ಹಿಡಿದು ಇಪ್ಪತ್ತು ಗೂಟವನ್ನೂ ಕಿತ್ತು ಮತ್ತೆ ನೆಟ್ಟ. ಹಲ್ಡಾ ಕೊಡೆ ಹಿಡಿದು ಮೊದಲ ಗೂಟದ ಹತ್ತಿರ ನಿಂತಿದ್ದಳು. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ರಿಬ್ಬನ್ ಒಂದೊಂದೇ ಗೂಟ ದಾಟಿ ಬಂತು, ಇಪ್ಪತ್ತನೆಯದನ್ನು ದಾಟಿತು, ಮೊದಲನೆಯದನ್ನು ಮುಟ್ಟಿತು. ಮುಟ್ಟಿ, ಒಂದು ಗಜ ಉಳಿದು ಗಾಳಿಯಲ್ಲಿ ಹಾರಾಡಿತು.

ವಾಡ್ಲಿ ಆ ತುದಿಯನ್ನು ಕೈಗೆ ತೆಗೆದುಕೊಂಡ. ಆಮೇಲೆ, ಮೊದಲ ಬಾರಿಗೆ, ತಗ್ಗಿದ ದನಿಯಲ್ಲಿ ಹೇಳಿದ:

"ತಪ್ಪಾಯ್ತು ಅತ್ತೆ. ಇದನ್ನ ಕತ್ತರಿಸಿ ನಿಮಗೇ ವಾಪಸ್ ಕೊಡ್ಲಾ?"

"ಕೊಸರು ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತಗೋತಾರೇನೋ? ಹಾರಾಡ್ಲಿ ಬಿಡು. ಊರೆಲ್ಲ ನೋಡ್ಲಿ."

ಶನಿವಾರ ಊರೆಲ್ಲ ನೋಡಿತು. ಅಂಗಡಿಗಳೆಲ್ಲ ಮುಚ್ಚಿದ್ದವು. ಗೆಲುವಿನ ಗೆರೆಗೆ ಅಡ್ಡಲಾಗಿ ಕಟ್ಟಿದ್ದ ಉಣ್ಣೆಯ ದಾರವೂ ಹಲ್ಡಾಳದೇ. ಓಟಿಸ್ ಮೂರನೆಯ ಸುತ್ತಿನಲ್ಲೇ ನಗಲು ಶುರು ಮಾಡಿದ್ದ. ಓಡುವಾಗ ನಗುವವನನ್ನು ನದಿಯಾಚೆಯವನು ಎಂದೂ ಕಂಡಿರಲಿಲ್ಲವೋ ಏನೋ, ತಿರುಗಿ ನೋಡಿ ನೋಡಿ ಲಯ ತಪ್ಪಿದ. ದಾರ ಕಡಿದಾಗ ಗಡಿಯಾರ ತೋರಿಸಿದ್ದು ನಾಲ್ಕು ನಿಮಿಷ ನಲವತ್ತೊಂದು. ಲೆಕ್ಕ ಹೇಳಿದ್ದಕ್ಕಿಂತ ಒಂದು ಸೆಕೆಂಡು ಬೇಗ. ಆ ಒಂದು ಸೆಕೆಂಡಿಗೆ ಪ್ರೊಫೆಸರ್ ಗೇಲ್ ಬಳಿ ವಿವರಣೆ ಇರಲಿಲ್ಲ. ಕೊಸರು ಎಂದು ಬಿಡೋಣ ಎಂದರಂತೆ.

ಆಮೇಲಿನ ಗದ್ದಲದಲ್ಲಿ ಮೈಮರೆತು ಎರಡೂ ಗುಪ್ತ ಸಂಘದವರು ಕೋಟಿನ ಒಳಗಿನಿಂದ ತಮ್ಮ ತಮ್ಮ ರಿಬ್ಬನ್ ಕಿತ್ತು ಬೀಸಿದರು. ಮೈದಾನದ ಆ ಕಡೆಯೂ ನೇರಳೆ, ಈ ಕಡೆಯೂ ನೇರಳೆ. ಬೀಸುತ್ತಿದ್ದ ಕೈಗಳು ಒಂದೊಂದಾಗಿ ನಿಂತವು. ನಲವತ್ತು ಜೋಡಿ ಕಣ್ಣುಗಳು ಹಲ್ಡಾಳ ಕಡೆಗೆ ತಿರುಗಿದವು. ಅವಳು ಕೊಡೆಯನ್ನು ಸ್ವಲ್ಪ ಬಗ್ಗಿಸಿ ಮುಖ ಮರೆ ಮಾಡಿಕೊಂಡಳು. ಕೊಡೆ ಮಾತ್ರ ಕುಲುಕುತ್ತಿತ್ತು.

ಮುಂದೆ ಅದು ವಾಡಿಕೆಯೇ ಆಯಿತು. ಪ್ರತಿ ಏಪ್ರಿಲ್ ಮೊದಲ ಸೋಮವಾರ ಡೀಕನ್ ಫ್ರೈ ಹಲ್ಡಾಳ ಕೋಲಿಗೆ ಮುದ್ರೆ ಒತ್ತಿ ಹೋದ ಮೇಲೆ, ಹಾಡಿನ ಕ್ಲಬ್ಬಿನವರು ಮುಂದೆ ಹಾಡುತ್ತ, ಎಂಜಿನಿಯರಿಂಗ್ ತರಗತಿಯವರು ದಾಳಿಂಬೆ ಬಣ್ಣದ ದಿಂಬಿನ ಮೇಲೆ ಸರಪಳಿ ಹೊತ್ತು ಬೀದಿಗೆ ಬರುತ್ತಿದ್ದರು. ಹಿತ್ತಾಳೆ ಮೊಳೆಗಳ ನಡುವೆ ಅದನ್ನು ಹಾಸುತ್ತಿದ್ದರು. ಹಲ್ಡಾ ಮಂಡಿಯೂರಿ, ಡೀಕನ್ ಫ್ರೈನಂತೆಯೇ ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಳು. ಮೊದಲ ವರ್ಷ ನೋಡಿ ಎದ್ದಾಗ ಇಡೀ ಬೀದಿ ಅವಳ ಬಾಯಿಯನ್ನೇ ನೋಡುತ್ತಿತ್ತು.

"ಕಾಲಿಂಚು ಬೆಳೆದಿದೆ," ಎಂದಳು. "ನಿಮ್ ಕ್ಲಬ್ಬಿನ ಊಟ ಇದಕ್ಕೂ ಒಗ್ಗಿದೆ ಅಂತ ಕಾಣುತ್ತೆ."