ಉಣ್ಣುವ ಮುನ್ನ ಬೀದಿ ನೋಡುತ್ತಿದ್ದ ತಾತ

ಅದು 1958ನೇ ಇಸವಿ. ಮೈಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸಕ್ಕೆ ನನಗೆ ಸಂದರ್ಶನವಿತ್ತು. "ಈ ಸಲಾನೂ ಸಿಗದಿದ್ರೆ ಮದ್ವೆ ಮಾಡ್ಬುಡ್ತೀನಿ ಕಣಮ್ಮ" ಎಂದು ಅಪ್ಪ ಮೊದಲೇ ಹೇಳಿದ್ದರು. ಗಂಡೂ ಗೊತ್ತಾಗಿತ್ತು. ನನಗೆ ಆ ಗಂಡೂ ಬೇಡ, ಅವನ ಮೀಸೆಯೂ ಬೇಡ, ಕೆಲಸ ಬೇಕಿತ್ತು.

ನಂಜನಗೂಡಿನ ಕಡೆಯ ನಮ್ಮ ಹಳ್ಳಿಯಲ್ಲಿ ಅಣ್ಣ ಬೆಳಗಿನ ಬಸ್ಸು ಹತ್ತಿಸಿದ. ಗಾಬರಿಗೆ ಒಂದು ತುತ್ತೂ ಗಂಟಲಲ್ಲಿ ಇಳಿದಿರಲಿಲ್ಲ. ಒಂಟಿಕೊಪ್ಪಲಿನ ಸೋದರಮಾವನ ಮನೆಯಲ್ಲಿ ಉಂಡು, ಮಧ್ಯಾಹ್ನ ಅವರ ಜೊತೆ ಶಾಲೆಗೆ ಹೋಗುವುದೆಂದು ಮಾತಾಗಿತ್ತು. ಹೋಗಿ ನೋಡಿದರೆ ಬಾಗಿಲಿಗೆ ಬೀಗ! ಅತ್ತೆಯ ತವರಿನಲ್ಲಿ ಯಾರಿಗೋ ಹುಷಾರಿಲ್ಲದೆ ಹೊರಟುಹೋಗಿದ್ದರೆಂದು ಆಮೇಲೆ ತಿಳಿಯಿತು.

ಎದುರು ಮನೆಯ ಜಗಲಿಯ ಮೇಲೆ ನೆರಳಿಗೆ ಕುಳಿತೆ. ಒಳಗಿನಿಂದ ಒಗ್ಗರಣೆಯ ವಾಸನೆ ಬೇರೆ. ಕಣ್ಣು ಕತ್ತಲೆ ಬರುತ್ತಿತ್ತು. ಈ ಸ್ಥಿತಿಯಲ್ಲಿ ಸಂದರ್ಶನದಲ್ಲಿ ಬಾಯಿ ಬಿಡುವುದಾದರೂ ಹೇಗೆ ಎಂದು ಅಳು ಬಂತು.

ಆಗ ಬಾಗಿಲು ತೆರೆಯಿತು. ಹಣೆಗೆ ವಿಭೂತಿ ಇಟ್ಟ ತಾತ ಒಬ್ಬರು ಹೊರಗೆ ಬಂದು, ಬೀದಿಯನ್ನು ಆ ಕಡೆ ನೋಡಿ, ಈ ಕಡೆ ನೋಡಿ, ಕಡೆಗೆ ನನ್ನನ್ನೇ ನೋಡುತ್ತ ನಿಂತರು. ಕಳ್ಳಿಯನ್ನು ನೋಡುವ ಹಾಗೆ ನೋಡುತ್ತಿದ್ದಾರೆ ಎನಿಸಿತು. ನನಗೆ ಮೂಗಿನ ತುದಿಯಲ್ಲೇ ಕೋಪ. ಕೋಪ ಬಂದರೆ ಓದಿದ ಕನ್ನಡವೂ ಮರೆತುಹೋಗುತ್ತದೆ.

"ಎದ್ದೋಯ್ತೀನಿ ಬುಡಿ. ಒಸಿ ಒತ್ತು ಕುಂತ್ರೆ ನಿಮ್ ಜಗಲಿ ಏನ್ ಸವ್ದೋಗಕಿಲ್ಲ" ಎಂದೆ.

ತಾತ ಕಕ್ಕಾಬಿಕ್ಕಿಯಾದರು. ಒಳಗಿನಿಂದ ಹೆಂಗಸಿನ ದನಿಯೊಂದು ತಮಿಳಿನಲ್ಲಿ ಏನೋ ಕೇಳಿತು. ನನಗೂ ತಿಳಿಯಲೆಂದೋ ಏನೋ, ಅವರು ಕನ್ನಡದಲ್ಲೇ "ಇದ್ದಾರೆ, ಇದ್ದಾರೆ!" ಎಂದು ಕೂಗಿದರು. "ವಾಂಗಮ್ಮಾ, ಬನ್ನಿ. ಎಲೆ ಹಾಕಿದೆ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. "ನಂದು ಊಟ ಆಯ್ತು" ಎಂದುಬಿಟ್ಟೆ. ಒಳಗೊಂದು ಅಂಜಿಕೆಯೂ ಇತ್ತು. ಹಿಂದೊಮ್ಮೆ ಯಾರದೋ ಮನೆಯಲ್ಲಿ "ನೀವು ಯಾವ ಜನ?" ಎಂದು ಕೇಳಿ, ನನ್ನ ಎಲೆಯನ್ನು ಹಿತ್ತಲ ಕಡೆಗೆ ಹಾಕಿದ್ದರು.

ತಾತ ಒತ್ತಾಯ ಮಾಡಲಿಲ್ಲ. ಮುಖ ಸಣ್ಣದು ಮಾಡಿಕೊಂಡು, "ತಮಿಳಿನ ಹಳೇ ನೀತಿಪದ್ಯಗಳನ್ನ ನಮ್ಮಪ್ಪ ನಂಗೆ ಬಾಯಿಪಾಠ ಮಾಡಿಸಿದ್ರಮ್ಮ. ಬಾಗಿಲಾಚೆ ಹಸಿದವರಿದ್ರೆ ಒಳಗಿನ ಊಟ ಊಟವೇ ಅಲ್ಲ ಅಂತ ಅವು ಕಲಿಸ್ತವೆ. ಅದಕ್ಕೇ ದಿನಾ ಬೀದಿ ನೋಡಿ ಬರ್ತೀನಿ. ಈಗ ನೀವು ಎದ್ದು ಹೋದ್ರೆ ಇನ್ನೊಬ್ಬರು ಸಿಗೋವರೆಗೂ ನಾನು ಬಿಸಿಲಲ್ಲಿ ನಿಲ್ಲಬೇಕು. ನನಗೋಸ್ಕರ ಒಂದು ತುತ್ತು ಉಂಡು ಹೋಗಿ" ಎಂದರು.

ನಾನು ಸುಳ್ಳು ಹೇಳಿದ್ದು ಅವರಿಗೆ ಗೊತ್ತಾಗಿತ್ತು. ಆದರೂ ನನ್ನ ಮಾನ ಕಳೆಯದೆ, ತಾವೇ ಬೇಡುವವರಾದರು. ನಾನು ಎದ್ದು ಒಳಗೆ ಹೋದೆ.

ನನ್ನ ಎಲೆ ಅವರ ಎಲೆಯ ಪಕ್ಕದಲ್ಲೇ ಇತ್ತು. ಅಜ್ಜಿ ಅನ್ನ, ಹುಳಿ, ಹಪ್ಪಳ ಬಡಿಸಿದರು. ಅವರು ಹತ್ತಿರ ಬಂದಾಗಲೆಲ್ಲ ಆ ಪ್ರಶ್ನೆ ಈಗ ಬಂತು, ಇನ್ನೇನು ಬಂತು ಎಂದು ಕಾದೆ. ಅವರು ಕೇಳಿದ್ದು, "ಉಪ್ಪು ಸರಿಯಾಗಿದೆಯಾ?" ಎಂದಷ್ಟೇ.

ಕಡೆಗೆ ನಾನೇ ತಡೆಯಲಾರದೆ, "ನಾವು ಯಾವ ಜನ ಅಂತ ನೀವು ಕೇಳ್ಲೇ ಇಲ್ವಲ್ಲ ತಾತ" ಎಂದೆ.

"ಊಟಕ್ಕೆ ಬಂದೋರು ಬಂದೋರೇ ಕಣಮ್ಮ. ಪದ್ಯದಲ್ಲೂ ಅವರಿಗೆ ಬೇರೆ ಹೆಸರಿಲ್ಲ. ಇನ್ನೊಂದು ಚೂರು ಹುಳಿ ಹಾಕಿಸ್ಕೊಳ್ಳಿ."

ಎಲೆಯ ಮೇಲೆ ಕಣ್ಣೀರು ಬೀಳದ ಹಾಗೆ ತಲೆ ಎತ್ತಿ ಕುಳಿತೆ. ಊಟವಾದ ಮೇಲೆ ತಾತ ಕೊಡೆ ಹಿಡಿದು ಶಾಲೆಯವರೆಗೆ ಜೊತೆಗೆ ಬಂದರು. ಅಲ್ಲಿ ನನ್ನ ದನಿ ನಡುಗಲಿಲ್ಲ. ಕೆಲಸ ಸಿಕ್ಕಿತು. ಅಪ್ಪ ಗಂಡಿನ ಕಡೆಯವರಿಗೆ ಬೇಡವೆಂದು ಹೇಳಿ ಕಳುಹಿಸಿದರು. ತಾತ, ಅಜ್ಜಿ ಇಬ್ಬರೂ ಇರುವಷ್ಟು ಕಾಲ ಆ ಮನೆಗೆ ಹೋಗಿ ಬರುತ್ತಿದ್ದೆ. ತಾತ ಕಲಿಸಿದ ಪದ್ಯಗಳಿಗೆ ನನ್ನ ನಾಲಗೆ ಮಾತ್ರ ಹೊರಳಲೇ ಇಲ್ಲ.

ನಾನೀಗ ಮೈಸೂರಿನಲ್ಲೇ, ಗೋಕುಲಂನಲ್ಲಿದ್ದೇನೆ. ಊಟಕ್ಕೆ ಕೂರುವ ಮುಂಚೆ ಗೇಟಿನ ಹತ್ತಿರ ಹೋಗಿ ಬೀದಿಯ ಎರಡೂ ಕಡೆ ನೋಡಿ ಬರುತ್ತೇನೆ. "ಈ ಕಾಲದಲ್ಲಿ ಯಾರು ಬರ್ತಾರೆ ಅತ್ತೆ?" ಎಂದು ಸೊಸೆ ನಗುತ್ತಾಳೆ. ನಿಜ, ಸಾಮಾನ್ಯವಾಗಿ ಯಾರೂ ಇರುವುದಿಲ್ಲ.

ಹೋದ ವರ್ಷ ಒಂದು ದಿನ ನಮ್ಮ ಗೇಟಿನ ಮೆಟ್ಟಿಲ ಮೇಲೆ ಒಬ್ಬ ಹುಡುಗಿ ಕೂತಿದ್ದಳು. ಮುಖ ಬಾಡಿತ್ತು. ನಾನು ನೋಡುತ್ತಲೇ ನಿಂತೆ.

"ಏನಜ್ಜಿ ಹಂಗ್ ನೋಡ್ತೀರ? ಎದ್ದೋಗ್ತೀನಿ ಬಿಡಿ" ಎಂದು ಸಿಡುಕಿದಳು.

ಬೈಸಿಕೊಂಡು ಅಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ. ಒಳಗೆ ತಿರುಗಿ ಸೊಸೆಗೆ, "ಇದ್ದಾರೆ, ಇದ್ದಾರೆ!" ಎಂದು ಕೂಗಿದೆ.