ಎಸಾಬಾ ತುಳಿದ ನೀರು

ಟಕ್ ಟಕ್ ಎಂದು ಉಳಿಯ ಸದ್ದು. ಹಿನ್ನೀರಿನ ದಡದಲ್ಲಿ ದೋಣಿ ಕೆತ್ತುವವರು ಕೆಲಸಕ್ಕೆ ಕೂತರೆಂದರೆ, ನಮ್ಮ ಹಿಂದಿನ ಓಣಿಯ ಮೆನ್ಸಿಮಾ ಬಟ್ಟೆಯ ಗಂಟನ್ನು ತಲೆಗೇರಿಸಿ ನಮ್ಮೂರು ಎಲ್ಮಿನಾದ ಸಂತೆಗೆ ಹೊರಟಳೆಂದೇ ಅರ್ಥ.

ಮೇಣದಚ್ಚಿನ ಬಟ್ಟೆ ಅಜ್ಜಿಯರ ಕಾಲದಿಂದಲೂ ನಮಗೆ ಹಾಲೆಂಡಿನಿಂದ ಬರುತ್ತಿತ್ತು. ಅಲ್ಲಿಯವರು ಪ್ರತಿ ಅಚ್ಚಿಗೂ ಬರೀ ಒಂದು ಅಂಕಿ ಒತ್ತಿ ಕಳಿಸುತ್ತಿದ್ದರು. ಹೆಸರಿಡುವವರು ನಮ್ಮ ಸಂತೆಯ ಹೆಂಗಸರು. ‘ಗಂಡನ ಬಾಯಿಗೆ ಬೀಗ’, ‘ಸವತಿ ಕಂಡ ಕನಸು’. ಹೆಸರಿಲ್ಲದ್ದನ್ನು ಉಟ್ಟು ಯಾರ ಹೊಟ್ಟೆ ಉರಿಸಲಿ ಎಂದು ಪಕ್ಕದ ಮಳಿಗೆಯ ಅಡೋಮಾ ಕೇಳುವುದುಂಟು.

ಮೆನ್ಸಿಮಾಳ ಮಗಳು ಎಸಾಬಾ ಚಿಕ್ಕವಳಿದ್ದಾಗಲೇ ಜ್ವರದಲ್ಲಿ ತೀರಿಕೊಂಡಳು. ಮಗುವಿನ ಸಾವಿಗೆ ನಮ್ಮಲ್ಲಿ ಊರು ಸೇರುವುದಿಲ್ಲ. ಹಿರಿಯರನ್ನು ನೆನೆದು ನೆಲಕ್ಕೆ ಮದ್ಯ ಎರೆಯುವಾಗ ಆ ಹೆಸರನ್ನು ಯಾರೂ ಕರೆಯುವುದಿಲ್ಲ. ಕೆಲವು ಮಳೆಗಾಲ ಕಳೆದ ಮೇಲೆ ಹೊಸ ಅಚ್ಚಿನ ಬಟ್ಟೆಯೊಂದು ಬಂತು, ನೀಲಿಯ ಮೇಲೆ ಒಡೆದ ಉಂಗುರಗಳು. ಮೆನ್ಸಿಮಾ ಅದನ್ನು ಬಿಡಿಸಿ, ಬಹಳ ಹೊತ್ತು ನೋಡಿ, ‘ಎಸಾಬಾ ತುಳಿದ ನೀರು’ ಎಂದಳು. ಆ ಹುಡುಗಿಗೆ ಹೊಂಡ ಕಂಡರೆ ಜಿಗಿಯುವ ಹುಚ್ಚು.

ಬಟ್ಟೆ ಕರಾವಳಿಯುದ್ದಕ್ಕೂ ಹೋಯಿತು. ಮದುವೆಗೆ ಬಂದವರು, ನಾಮಕರಣಕ್ಕೆ ಬಂದವರು, ಎಲ್ಲರೂ ಆ ಹೆಸರು ಹಿಡಿದೇ ಕೇಳಿದರು. ಹಾಲೆಂಡಿನ ಬಟ್ಟೆಯ ಬೆಲೆ ಏರಿದಾಗ ಅದೇ ಉಂಗುರಗಳನ್ನು ನಮ್ಮ ದೇಶದ ಗಿರಣಿಯೂ ಅಚ್ಚು ಹಾಕಿತು. ಹೆಸರು ಮಾತ್ರ ಅದೇ ಉಳಿಯಿತು. ಮಗಳ ಹೆಸರನ್ನು ದಿನವಿಡೀ ಹತ್ತು ಬಾಯಿಗಳಲ್ಲಿ ಕೇಳುವುದೇ ಮೆನ್ಸಿಮಾಳಿಗೆ ಬದುಕಾಗಿತ್ತು.

ಹೋದ ವರ್ಷ ನಮ್ಮ ದೇಶ, ಹಾಲೆಂಡ್ ಎರಡರ ಗೆಳೆತನದ ಹಬ್ಬ ನಡೆಯಿತು. ಸಮುದ್ರದಂಚಿನ ಹಳೆಯ ಕೋಟೆಯಲ್ಲಿ ಎರಡು ಬಾವುಟ, ಮಂತ್ರಿಗಳು, ರಾಯಭಾರಿ, ಬಟ್ಟೆ ಕಂಪನಿಯವರು. ಆ ಹೆಸರಿಟ್ಟವಳೆಂದು ಮೆನ್ಸಿಮಾಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಈ ಹೆಸರನ್ನು ತಮ್ಮ ದೇಶಕ್ಕೆ ಕೊಂಡೊಯ್ಯಬಹುದೇ ಎಂದು ಕಂಪನಿಯ ಹೆಂಗಸೊಬ್ಬಳು ವಿನಯದಿಂದ ಕೇಳಿದಳು. ಊಟಕ್ಕೆ ಕೂತಾಗ ದಾರಿಹೋಕರನ್ನೂ ಬನ್ನಿ, ಉಣ್ಣಿ ಎನ್ನುವ ಜನ ನಾವು. ಹಾಗೆಂದವರ ತಟ್ಟೆಯನ್ನೇ ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಮೆನ್ಸಿಮಾ ನಕ್ಕು, ತಗೊಂಡು ಹೋಗಿ ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮೊನ್ನೆ ನಡುಮಧ್ಯಾಹ್ನ ಎಬೊ ಬಂದ. ನಮ್ಮೂರವನೇ, ಈಗ ಆ ಕಂಪನಿಯ ಏಜೆಂಟ್. ನಿಂತೇ ಮಾತಾಡಿದ. ಎರಡು ಸರ್ಕಾರಗಳ ನಡುವೆ ಹೊಸ ವ್ಯಾಪಾರ ಒಪ್ಪಂದವಾಗಿದೆ, ಹೆಸರು ಕಂಪನಿಯದೆಂದು ನೋಂದಣಿಯಾಗಿದೆ. ಇಲ್ಲಿನ ಗಿರಣಿಯ ಬಟ್ಟೆಯನ್ನು ಆ ಹೆಸರಿನಿಂದ ಮಾರಿದರೆ ಮಳಿಗೆ ಮುಚ್ಚಿಸುತ್ತಾರೆ.

ಹಾಲೆಂಡಿನ ಬಟ್ಟೆ ಈಗ ರಾಜಧಾನಿಯ ಗಾಜಿನ ಅಂಗಡಿಗಳಲ್ಲಿ ಮಾತ್ರ ಸಿಗುತ್ತದೆ. ಇಲ್ಲಿ ಅದನ್ನು ತರಿಸುವವರೇ ಇಲ್ಲ.

“ನಾಳೆ ಕೆಂಕಿ ಮುದ್ದೆ ತಿನ್ನೋಕೂ ಅವರಪ್ಪಣೆ ಬೇಕೇನಪ್ಪ?” ಎಂದಳು ಅಡೋಮಾ.

ಮೆನ್ಸಿಮಾ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು. ಬಿಡಿಸಿದಳು. ಮತ್ತೆ ಮಡಿಸಿದಳು. ಕಿವಿ ಕೇಳದವಳಂತೆ ಎಬೊನ ತುಟಿಯನ್ನೇ ನೋಡುತ್ತಿದ್ದಳು.

“ಅದು ನಾನು ಹೆತ್ತ ಹೆಸರು ಕಣೋ,” ಎಂದಳು ಕೊನೆಗೆ.

“ಗೊತ್ತಮ್ಮ. ನೀವೇ ಕೊಟ್ರಲ್ಲ, ಎಲ್ಲರೆದುರಿಗೆ.” ಅವನ ದನಿ ತಗ್ಗಿತು. “ಬೇರೆ ಹೆಸರಿಡಿ. ನಿಮ್ಮ ಬಾಯಿಗೇನು ಬರವೇ?”

ಅವಳ ಮುಖದಲ್ಲಿ ಏನೂ ಇರಲಿಲ್ಲ. ಸಿಟ್ಟಾದರೂ ಬರಬಾರದೇ ಎಂದು ಎದುರಿನ ಮಳಿಗೆಯಲ್ಲಿದ್ದ ನನಗೆ ಅನಿಸಿತು.

ಅಷ್ಟರಲ್ಲಿ ಬಸುರಿ ಹೆಂಗಸೊಬ್ಬಳು ಬಂದು ಉಂಗುರದ ಬಟ್ಟೆಯನ್ನು ಸವರಿ, ಇದರ ಹೆಸರೇನು ತಾಯಿ ಎಂದು ಕೇಳಿದಳು. ಎಬೊ ಕಣ್ಣು ಬೇರೆಡೆ ಹೊರಳಿಸಿದ, ಆದರೆ ಕದಲಲಿಲ್ಲ.

ಮೆನ್ಸಿಮಾ ಬಾಯಿ ತೆರೆದಳು. ಹೆಸರು ಹೊರಡಲಿಲ್ಲ. ಬಟ್ಟೆಯನ್ನು ಬಸುರಿಯ ಮಡಿಲಿಗೆ ಹಾಕಿ, ಬರಿಗೈಯಲ್ಲಿ ಮಳಿಗೆಯಿಂದ ಇಳಿದಳು. ಬರಿಗೈಯವಳು ಏನನ್ನೂ ಮಾರುತ್ತಿಲ್ಲ, ಅವಳ ಬಾಯಿಯ ಹೆಸರಿಗೆ ಯಾವ ಒಪ್ಪಂದವೂ ಇಲ್ಲ. ಸುಡುವ ಬಿಸಿಲಲ್ಲಿ, ಮೀನಿನ ಬುಟ್ಟಿಗಳ ನಡುವೆ, ಸಂಜೆ ಆಡಲು ಹೋದ ಮಗುವನ್ನು ಕರೆಯುವ ದನಿಯಲ್ಲಿ ಅವಳು ಕೂಗುತ್ತ ನಡೆದಳು. ಸಂತೆ ನಿಂತು ನೋಡಿತು. ಯಾರಿಗೂ ತಡೆಯಲಾಗಲಿಲ್ಲ.

“ಎಸಾಬಾ, ಬಾರೇ, ಕತ್ತಲಾಯ್ತು, ನೀರಿಂದ ಈಚೆ ಬಾ, ಎಸಾಬಾ, ಕಾಲು ತೊಳ್ಕೊಂಡು ಮನೆಗೆ ಬಾ…”