ಕೊಕ್ಕೆಯಿಲ್ಲದ ಗಾಳ

ದೆವ್ವ, ಶಕುನ, ಮುನ್ಸೂಚನೆ ಎಂದು ಯಾರಾದರೂ ಮಾತು ತೆಗೆದರೆ ಎದ್ದು ಕಾಫಿಗೆ ಹೋಗುವವರ ಪೈಕಿ ನಾನು. ಈಗ ನಂಬಿಬಿಟ್ಟಿದ್ದೇನೆ ಎಂದೂ ತಿಳಿಯಬೇಡಿ. ಸ್ವೀಡನ್ನಿನ ಎಸ್ಕಿಲ್‌ಸ್ಟುನಾದಲ್ಲಿ ಮಣ್ಣು ತೋಡುವ ದೊಡ್ಡ ಯಂತ್ರಗಳ ಕಂಪನ ಅಳೆಯುವುದು ನನ್ನ ಹೊಟ್ಟೆಪಾಡು. ಯಾವ ನಡುಕ ಎಂಜಿನ್ನಿನದು, ಯಾವುದು ಸಡಿಲವಾದ ಬೋಲ್ಟಿನದು ಎಂದು ಕೈಯಿಟ್ಟೇ ಹೇಳಬಲ್ಲೆ. ಅದಕ್ಕೇ ಆ ಸಂಜೆಯದನ್ನು ಭ್ರಮೆ ಎಂದು ತಳ್ಳಿಹಾಕಲು ನನ್ನಿಂದ ಇವತ್ತಿಗೂ ಆಗಿಲ್ಲ.

ಐದು ವರ್ಷದ ಹಿಂದಿನ ಸೆಪ್ಟೆಂಬರ್. ನನ್ನ ಹೆಂಡತಿ ರಮ್ಯಳಿಗೆ ಎಂಟು ತಿಂಗಳು ತುಂಬಿತ್ತು. ಅದಕ್ಕೆ ಮೊದಲು ಒಂದು ಮಗು ಐದನೇ ತಿಂಗಳಲ್ಲೇ ಕೈತಪ್ಪಿ ಹೋಗಿತ್ತು. ಹಾಗಾಗಿ ಈ ಸಲ ಇಬ್ಬರೂ ಉಸಿರು ಬಿಗಿಹಿಡಿದೇ ಓಡಾಡುತ್ತಿದ್ದೆವು. ತೊಟ್ಟಿಲು ತರಲೂ ಹೆದರಿಕೆ. "ಒದೀತಾ? ಒದೀತಾ?" ಎಂದು ನಾನು ಹಗಲೂ ರಾತ್ರಿ ಕೇಳಿ ತಲೆ ತಿಂದದ್ದಕ್ಕೆ ಅವಳು ಒಂದು ದಿನ ರೇಗಿಯೇಬಿಟ್ಟಳು.

"ಅಯ್ಯೋ ಮಾರಾಯ, ಇನ್ನೊಂದ್ಸಲ ಕೇಳ್ಬೇಡ. ಏನಾದ್ರೂ ಹಾಬಿ ಇಟ್ಕೋ. ಮನೆಯಿಂದ ಸ್ವಲ್ಪ ಆಚೆ ಹೋಗು!"

ಹಾಗೆ ಗಂಟುಬಿದ್ದ ಹಾಬಿ ಗಾಳ ಹಾಕುವುದು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಬೆಂಗ್ಟ್ ಎಂಬ ಹಿರಿಯ ತನ್ನ ಹಳೆಯ ಗಾಳದ ಕೋಲನ್ನೂ ಒಂದು ಸ್ಪಿನ್ನರ್‌ಬೇಟನ್ನೂ ಕೊಟ್ಟ. ಬಾಗಿಸಿದ ತಂತಿಯ ಒಂದು ತುದಿಯಲ್ಲಿ ಗಿರಗಿರ ತಿರುಗುವ ಹಿತ್ತಾಳೆ ತಗಡು, ಇನ್ನೊಂದು ತುದಿಯಲ್ಲಿ ರಬ್ಬರ್ ಕುಚ್ಚಿನೊಳಗೆ ಅಡಗಿದ ಕೊಕ್ಕೆ. ಅಮೆರಿಕದಲ್ಲಿ ಇದರಿಂದ ಬ್ಯಾಸ್ ಮೀನು ಹಿಡಿಯುತ್ತಾರಂತೆ. ಇಲ್ಲಿ ಸಿಗುವುದು ಪೈಕ್. ಪಾಠ ಸುಲಭ. ದೂರ ಎಸೆಯಬೇಕು, ಸ್ವಲ್ಪ ಮುಳುಗಲು ಬಿಡಬೇಕು, ನಿಧಾನಕ್ಕೆ ದಾರ ಸುತ್ತಬೇಕು. ತಗಡು ನೀರಲ್ಲಿ ತಿರುಗುವಾಗ ಕೋಲಿನ ಹಿಡಿಯವರೆಗೂ ಟಕಟಕ ಮಿಡಿತ ಬರುತ್ತದೆ.

"ಅದು ನಿಂತ ತಕ್ಷಣ ಯೋಚನೆ ಮಾಡಬೇಡ, ಎಳಿ. ನಿಂತಿತು ಅಂದರೆ ಯಾರೋ ಹಿಡಕೊಂಡಿದ್ದಾರೆ ಅಂತ ಅರ್ಥ" ಎಂದಿದ್ದ ಬೆಂಗ್ಟ್.

ಸುದ್ದಿ ತುಮಕೂರಿನಲ್ಲಿದ್ದ ಅಮ್ಮನ ಕಿವಿಗೆ ಬಿತ್ತು. ವಿಡಿಯೋ ಕಾಲ್‌ನಲ್ಲೇ ಕೆಂಡಾಮಂಡಲ. "ಹೆಂಡ್ತಿ ಬಸುರಿ ಇರೋವಾಗ ಗಂಡ ಆದವನು ಜೀವ ತೆಗಿಯೋಕೆ ಹೋಗ್ತಾನೇನೋ?" ಹಿಡಿದು ಮತ್ತೆ ನೀರಿಗೇ ಬಿಡುತ್ತೇನಮ್ಮ ಎಂದೆ. "ಬಾಯಿಗೆ ಕೊಕ್ಕೆ ಚುಚ್ಚಿ ಆಮೇಲೆ ಬಿಟ್ರೆ ಅದೇನು ಪುಣ್ಯಾನಾ?"

ನಾನು ನಕ್ಕೆ. ಪಕ್ಕದಲ್ಲಿದ್ದ ರಮ್ಯ ನಗಲಿಲ್ಲ. ಫೋನ್ ಇಟ್ಟವನೇ ಕಟಿಂಗ್ ಪ್ಲೇಯರ್ ತಂದು ಕೊಕ್ಕೆಯನ್ನು ಕತ್ತರಿಸಿ ಹಾಕಿದೆ. ಮರುದಿನ ವಿಷಯ ಕೇಳಿ ಬೆಂಗ್ಟ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆದರೆ ಮೀನಿಗೆ ಹೊರಟವರಿಗೆ ಶುಭವಾಗಲಿ ಎಂದರೆ ಅಪಶಕುನ ಎಂದು, ಪ್ರತಿ ಸಲ "ನಿನಗೇನೂ ಸಿಗದಿರಲಿ" ಎಂದು ಹರಸಿ ಕಳಿಸುತ್ತಿದ್ದವನೂ ಅವನೇ. ಎಲ್ಲರ ಮನೆ ದೋಸೆಯೂ ತೂತೇ.

ಅಂತೂ ಕೊಕ್ಕೆಯಿಲ್ಲದ ಗಾಳದಲ್ಲೇ ನನ್ನ ಕಲಿಕೆ ಸಾಗಿತು. ಮೀನು ನನಗೆ ಬೇಕಾಗಿಯೂ ಇರಲಿಲ್ಲ. ಕೈಗೆ ಆ ಮಿಡಿತ ಸಿಕ್ಕರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಆ ಭಾನುವಾರ ಸಂಜೆ ರಮ್ಯಳೂ ಬಂದಿದ್ದಳು. ಸರೋವರದ ದಡದ ಬೆಂಚಿನಲ್ಲಿ ಶಾಲು ಹೊದ್ದು ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು ಕೂತಿದ್ದಳು. ಇನ್ನೂ ಬೆಳಕಿತ್ತು, ಗಾಳಿಯ ಸುಳಿವಿರಲಿಲ್ಲ. ನಾನು ದೋಣಿ ಕಟ್ಟುವ ಮರದ ಕಟ್ಟೆಯ ತುದಿಯಲ್ಲಿ ನಿಂತು ಎಸೆಯುತ್ತಿದ್ದೆ. ಒಂದು ಸಲ ಸುತ್ತುತ್ತಿದ್ದ ಹಾಗೇ ಮಿಡಿತ ನಿಂತಿತು. ಕಲಿತ ಕೈ ತಾನಾಗಿ ಎಳೆಯಿತು. ಆ ಕಡೆ ಭಾರವಾಗಿ ಏನೋ ಹಿಡಿದುಕೊಂಡಿತ್ತು. ಒದ್ದಾಟವಿಲ್ಲ, ಜಗ್ಗಾಟವಿಲ್ಲ, ಬರೀ ಭಾರ. ಆಮೇಲೆ ಬಿಟ್ಟಿತು. ಗಾಳ ಚಿಮ್ಮಿ ಬಂದು ನನ್ನ ಕಾಲ ಬಳಿ ಹಲಗೆಯ ಮೇಲೆ ಬಿತ್ತು.

ಇಲ್ಲಿಯವರೆಗೆ ವಿಚಿತ್ರವೇನೂ ಇಲ್ಲ. ಕೊಕ್ಕೆ ಇಲ್ಲದಿದ್ದರೂ ಪೈಕ್ ಕಚ್ಚಿ ಹಿಡಿದೀತು. ಆದರೆ ಗಾಳ ಹಲಗೆಯ ಮೇಲೆ ಬಿದ್ದಿದೆ, ತಗಡು ತಿರುಗುತ್ತಿಲ್ಲ, ದಾರ ಸಡಿಲವಾಗಿದೆ. ನನ್ನ ಕೈಯಲ್ಲಿದ್ದ ಕೋಲು ಮಾತ್ರ ಮಿಡಿಯುತ್ತಿತ್ತು. ಮೊದಲು ಬೇಗಬೇಗ. ಆಮೇಲೆ ನಿಧಾನ, ನಡುನಡುವೆ ತಪ್ಪಿ ತಪ್ಪಿ. ಎಡಗೈಗೆ ಬದಲಾಯಿಸಿದೆ, ಅಲ್ಲೂ ಅದೇ. ನನ್ನದೇ ನಾಡಿಯೇನೋ ಎಂದು ಕುತ್ತಿಗೆಗೆ ಬೆರಳಿಟ್ಟೆ. ನನ್ನದು ನಗಾರಿಯ ಹಾಗೆ ಬಡಿಯುತ್ತಿತ್ತು. ಕೋಲಿನದು ಬೇರೆ, ಅದು ಸೋಲುತ್ತಿತ್ತು. ಕೆಳಗೆ ಇಟ್ಟುಬಿಡೋಣ ಎಂದರೆ ಧೈರ್ಯವಾಗಲಿಲ್ಲ. ಇಟ್ಟರೆ ನಿಂತುಬಿಡುತ್ತದೆ ಎಂದು ಯಾಕೋ ಅನ್ನಿಸಿತು.

ಕೋಲು ಹಿಡಿದುಕೊಂಡೇ ದಡಕ್ಕೆ ಬಂದೆ. "ಒದೀತಾ?"

"ಕೇಳ್ಬೇಡ ಅಂದಿದ್ದೆ ಅಲ್ವಾ?" ಎಂದು ನಕ್ಕವಳು ನನ್ನ ಮುಖ ನೋಡಿ ಚಹಾದ ಲೋಟ ಕೆಳಗಿಟ್ಟಳು. "ಬೆಳಿಗ್ಗೆ ಒದೀತು. ಆಮೇಲೆ... ಮಲಗಿರ್ಬೇಕು ಬಿಡು."

"ಏಳು, ಆಸ್ಪತ್ರೆಗೆ ಹೋಗೋಣ."

"ಏನಂತ ಹೇಳೋದು ಅವರಿಗೆ?"

"ಏನೋ ಒಂದು ಹೇಳೋಣ. ಏಳು ರಮ್ಯ, ದಮ್ಮಯ್ಯ."

ದಾರಿಯುದ್ದಕ್ಕೂ ಒಂದು ಕೈಯಲ್ಲಿ ಸ್ಟೀರಿಂಗ್, ಒಂದು ಕೈ ಕೋಲಿನ ಮೇಲೆ. ಆಸ್ಪತ್ರೆಯ ಬಾಗಿಲಲ್ಲಿ ಅದನ್ನು ಕಾರಿನಲ್ಲೇ ಬಿಡಬೇಕಾಯಿತು. ಕೈ ತೆಗೆಯುವಾಗ ನಾನು ಅತ್ತುಬಿಟ್ಟೆ. ರಮ್ಯ ಕೋಲು ನೋಡಿದಳು, ನನ್ನನ್ನು ನೋಡಿದಳು, ಬಾಗಿಲು ತೆಗೆದು ಇಳಿದಳು.

ಒಳಗೆ ಸೂಲಗಿತ್ತಿ ನರ್ಸ್ ಹೊಟ್ಟೆಗೆ ಪಟ್ಟಿ ಬಿಗಿದು ಯಂತ್ರ ಹಚ್ಚಿದಳು. ತಪ್ಪಿ ತಪ್ಪಿ, ಸೋಲುತ್ತಿದ್ದ ಅದೇ ಮಿಡಿತ. ಅಷ್ಟು ಹೊತ್ತು ಕೈಯಲ್ಲಿದ್ದದ್ದು ಈಗ ಕಿವಿಗೆ ಕೇಳುತ್ತಿತ್ತು. ನರ್ಸಿನ ಮುಖ ಬದಲಾಯಿತು, ಗುಂಡಿ ಒತ್ತಿದಳು, ಜನ ಓಡಿ ಬಂದರು. ಹೊಕ್ಕುಳಬಳ್ಳಿ ಕುತ್ತಿಗೆಗೆ ಬಿಗಿದಿತ್ತಂತೆ. ಹೊಟ್ಟೆ ಕೊಯ್ದು ತೆಗೆದರು. ಹೆಣ್ಣುಮಗು, ಜೀವಂತ. ಇನ್ನೂ ತಡವಾಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಬೆಳಿಗ್ಗೆ ಕಾರಿಗೆ ಬಂದು ಕೋಲು ಮುಟ್ಟಿದೆ. ಏನೂ ಇರಲಿಲ್ಲ.

ದಿಗಿಲುಬಿದ್ದ ಅಪ್ಪನ ಕೈನಡುಕ ಎಂದ ಬೆಂಗ್ಟ್. ಕೊಕ್ಕೆ ಕತ್ತರಿಸಿದ್ದಕ್ಕೆ ಗಂಗಮ್ಮ ಮಗುವನ್ನು ವಾಪಸು ಕೊಟ್ಟಳು ಎಂದಳು ಅಮ್ಮ. ನಾನು ಕೋಲನ್ನು ಲ್ಯಾಬಿಗೆ ಒಯ್ದು, ಯಾರೂ ಇಲ್ಲದಾಗ ಸೆನ್ಸರ್ ಅಂಟಿಸಿ ನೋಡಿದೆ. ಬರೀ ಕಡ್ಡಿ. ಅಮ್ಮನ ಮಾತು ನಂಬಲಾರೆ, ಬೆಂಗ್ಟನ ಮಾತು ಸಾಲದು. ಆ ಸಂಜೆ ನಾನು ಎಳೆದದ್ದು ಏನನ್ನು? ಕೊಕ್ಕೆ ಇದ್ದಿದ್ದರೆ ಏನಾಗುತ್ತಿತ್ತು?

ಮಗಳು ಈಗ ಡಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಹೋಗುತ್ತಾಳೆ. "ಅಪ್ಪಾ, ನಂಗೂ ಗಾಳ ಹಾಕೋದು ಹೇಳ್ಕೊಡು" ಎಂದು ಬೆನ್ನು ಹತ್ತಿದ್ದಾಳೆ. ಹೊಸ ಕೋಲು ಕೊಡಿಸುತ್ತೇನೆ ಎಂದಿದ್ದೇನೆ. ಹಳೆಯದು ಸ್ಟೋರ್ ರೂಮಿನ ಮೂಲೆಯಲ್ಲಿದೆ. ಅವಳಿಗೆ ಜ್ವರ ಬಂದಾಗ ಮಾತ್ರ, ರಮ್ಯಳಿಗೆ ಗೊತ್ತಾಗದ ಹಾಗೆ ಹೋಗಿ ಅದನ್ನು ಒಮ್ಮೆ ಹಿಡಿದು ನೋಡುತ್ತೇನೆ. ಇದುವರೆಗೆ ಏನೂ ಇಲ್ಲ. ಏನೂ ಇಲ್ಲದಿರುವುದು ಒಳ್ಳೆಯದೋ ಕೆಟ್ಟದ್ದೋ ನನಗೆ ತಿಳಿಯದು. ವಾಪಸು ಬಂದು ಅವಳ ಎದೆಯ ಮೇಲೆ ಕೈಯಿಟ್ಟು ಕೂರುತ್ತೇನೆ.